ಶನಿವಾರ ಬೆಟ್ಟ ಖಾಲಿ ಇದೆಯಾ?

ಮೂಡಿಗೆರೆ ಸೀಮೆಯಲ್ಲಿ ನಾಲ್ಕೆಕರೆ ಕಾಫಿ ತೋಟ ಇದ್ದರೆ ಸಾಕು, ಬೆಂಗಳೂರಿನಲ್ಲಿ ನಲವತ್ತು ಜನ ನೆಂಟರು ತಾವಾಗಿ ಹುಟ್ಟಿಕೊಳ್ಳುತ್ತಾರೆ. ಮದುವೆ ತಿಥಿಗಳಲ್ಲಿ ಕಾಣದ ಮುಖಗಳೂ ಮಲೆನಾಡಿನಲ್ಲಿ ಮಳೆ ಹಿಡಿಯಿತು ಎಂಬ ಸುದ್ದಿ ಟಿ.ವಿ.ಯಲ್ಲಿ ಬಂದ ಸಂಜೆ ಫೋನಿನಲ್ಲಿ ಪ್ರತ್ಯಕ್ಷವಾಗುತ್ತವೆ. ಯೋಗಕ್ಷೇಮ, ಮಳೆ, ಮೆಣಸಿನ ರೇಟು ಎಲ್ಲ ವಿಚಾರಿಸಿದ ಮೇಲೆ ಗಂಟಲು ಸರಿಮಾಡಿಕೊಂಡು ಅಸಲು ವಿಷಯಕ್ಕೆ ಬರುತ್ತಾರೆ: "ನೀವು ಅಲ್ಲೇ ಇದ್ದೀರಲ್ಲ, ಒಂದು ಟ್ರೆಕ್ ಪ್ಲಾನ್ ಮಾಡಿಕೊಡಿ."

ಅಲ್ಲೇ ಇರುವುದೊಂದೇ ನನ್ನ ಅರ್ಹತೆ. ನಿಜ ಹೇಳಬೇಕೆಂದರೆ ನಮ್ಮ ಕಡೆಯವರು ಸುಮ್ಮಸುಮ್ಮನೆ ಬೆಟ್ಟ ಹತ್ತುವವರಲ್ಲ. ದನ ತಪ್ಪಿಸಿಕೊಂಡರೆ ಹತ್ತುತ್ತಾರೆ, ಹರಕೆ ಇದ್ದರೆ ಹತ್ತುತ್ತಾರೆ, ಜಾತ್ರೆಗೆ ಹತ್ತುತ್ತಾರೆ. ಬೆನ್ನಿಗೆ ಎರಡು ಮಣ ಭಾರ ಹೇರಿಕೊಂಡು, ಮೇಲೆ ಹೋಗಿ, ಕೈ ಚಾಚಿ ಫೋಟೊ ತೆಗೆಸಿಕೊಂಡು, ಹೋದ ದಾರಿಯಲ್ಲೇ ಇಳಿದು ಬರುವವರನ್ನು ಕಂಡರೆ ನಮ್ಮ ತೋಟದ ಹಿರಿಯಾಳಿಗೆ ಇವತ್ತಿಗೂ ಮರುಕ. "ಇಳಿಯೋದಕ್ಕೇ ಅಂತ ಹತ್ತೋದು ಎಂಥಕ್ಕೆ ಗೌಡ್ರೆ?" ಎಂದು ಕೇಳುತ್ತಾನೆ. ಅವನಿಗೆ ಸಮಾಧಾನವಾಗುವಂಥ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ. ಆದರೂ ವರ್ಷಾವರ್ಷ ಪ್ಲಾನು ಮಾಡಿಕೊಡುತ್ತ ಬಂದಿರುವುದರಿಂದ ನೆಂಟರ ವಲಯದಲ್ಲಿ ನಾನೀಗ ಬೆಟ್ಟದ ಪುರೋಹಿತ.

ಪುರೋಹಿತರ ಬಳಿ ಜನ ದಿನ ಕೇಳಲು ಬರುತ್ತಾರೆ. ನನ್ನ ಬಳಿ ಬರುವವರು ಪಟ್ಟಿ ಹಿಡಿದೇ ಬರುತ್ತಾರೆ. ತಂಗಿಯ ಮಗ ಕಳಿಸುವ ಪಟ್ಟಿ ಹೀಗಿರುತ್ತದೆ: ಶನಿವಾರ ಸೂರ್ಯೋದಯಕ್ಕೆ ಮುಳ್ಳಯ್ಯನಗಿರಿ, ತಿಂಡಿಗೆ ಬಾಬಾಬುಡನ್‌ಗಿರಿ, ಮಧ್ಯಾಹ್ನ ಹೆಬ್ಬೆ ಜಲಪಾತ, ರಾತ್ರಿ ಕಳಸ. ಭಾನುವಾರ ಕುದುರೆಮುಖ ಶಿಖರ, ಬರುವಾಗ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿ ಊಟ, ದಾರಿಯಲ್ಲಿ ಎತ್ತಿನ ಭುಜ, ಸೋಮವಾರ ಬೆಳಿಗ್ಗೆ ಆಫೀಸು. "ಮಾವ, ಟೈಟ್ ಆಗುತ್ತಾ?" ಎಂದು ಕೊನೆಗೊಂದು ಪ್ರಶ್ನೆ.

ಟೈಟ್ ಆಗುವುದು ಹಾಗಿರಲಿ, ಈ ಪಟ್ಟಿ ಬರೆದವನಿಗೆ ನಮ್ಮ ಜಿಲ್ಲೆಯಲ್ಲಿರುವುದು ಒಂದೇ ಬೆಟ್ಟಸಾಲಲ್ಲ ಎಂಬುದೇ ಗೊತ್ತಿಲ್ಲ. ಚಿಕ್ಕಮಗಳೂರಿನ ನೆತ್ತಿಯ ಮೇಲೆ ಬಾಗಿ ನಿಂತಿರುವ ಚಂದ್ರದ್ರೋಣ ಪರ್ವತ ಒಳನಾಡಿನದು. ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ ಇರುವುದು ಅಲ್ಲಿ, ಸುಮಾರು 1,930 ಮೀಟರ್. ಆದರೆ ಶಿಖರದ ಹತ್ತಿರದವರೆಗೆ ಗಾಡಿ ಹೋಗುತ್ತದೆ, ಉಳಿದದ್ದಕ್ಕೆ ಮೆಟ್ಟಿಲಿವೆ. ನಡೆದೇ ಹೋಗುತ್ತೇನೆ ಎನ್ನುವವರಿಗೆ ಸರ್ಪದಾರಿ ಇದೆ. ಕುದುರೆಮುಖದ ಸಾಲು ಇದಕ್ಕಿಂತ ಬೇರೆಯೇ. ಅದು ಘಟ್ಟದ ಅಂಚಿನಲ್ಲಿ ನಿಂತು ಅರಬ್ಬಿ ಸಮುದ್ರದ ಮೋಡಕ್ಕೆ ಎದೆಗೊಡುವ ಸಾಲು. ಎತ್ತರ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಕಡಿಮೆ, ಹತ್ತುವ ಕಷ್ಟ ಮಾತ್ರ ಹತ್ತುಪಟ್ಟು. ಸಂಸೆಯ ಕಡೆಯಿಂದ ಮುಳ್ಳೋಡಿಯವರೆಗೆ ಜೀಪು, ಆಮೇಲೆ ಹೋಗಿ ಬರುವುದಕ್ಕೆ ಇಪ್ಪತ್ತು ಕಿಲೋಮೀಟರಿನಷ್ಟು ನಡಿಗೆ. ಚಿಕ್ಕಮಗಳೂರಿನಿಂದ ಕಳಸಕ್ಕೆ ತೊಂಬತ್ತರ ಸುಮಾರು ಕಿಲೋಮೀಟರ್ ಎಂದು ಫೋನು ತೋರಿಸುತ್ತದೆ. ನಡುವೆ ಎಷ್ಟು ತಿರುವುಗಳು, ತಿರುವಿಗೊಂದರಂತೆ ವಾಂತಿ ಮಾಡುವ ಮಕ್ಕಳೆಷ್ಟು, ಎದುರಿಗೆ ಬರುವ ಮರದ ಲಾರಿಗಳೆಷ್ಟು ಎಂಬುದನ್ನು ಅದು ತೋರಿಸುವುದಿಲ್ಲ.

ಹಿಂದೆ ಈ ತೊಂದರೆ ಇರಲಿಲ್ಲ. ಬಸ್ಸಿನ ವೇಳೆಯೇ ಯೋಜನೆಯಾಗಿತ್ತು. ಬೆಳಗಿನ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೆ ವಾಪಸು. ಸಂಜೆಯ ಬಸ್ಸು ತಪ್ಪಿದರೆ ಯಾರದಾದರೂ ಮನೆಯ ಜಗಲಿ. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆ 1991ರಿಂದ 2020ರವರೆಗೆ ಮಲೆನಾಡಿನ ಎಷ್ಟೋ ಮೂಲೆಗಳಿಗೆ ಬಸ್ಸು ಓಡಿಸಿತು. ಆ ಕಾಲದ ಕಂಡಕ್ಟರುಗಳಿಗೆ ಯಾವ ಹಳ್ಳಕ್ಕೆ ನೀರು ಬಂದಿದೆ, ಯಾವ ಊರಿನಲ್ಲಿ ಜಾತ್ರೆ, ಯಾರ ಮನೆಯಲ್ಲಿ ಇಳಿದರೆ ಊಟ ಸಿಗುತ್ತದೆ ಎಂಬುದೆಲ್ಲ ಗೊತ್ತಿತ್ತು. ಬಸ್ಸಿನಲ್ಲಿ ಬಂದವನು ಒಂದು ದಿನಕ್ಕೆ ಒಂದೇ ಗುಡ್ಡ ನೋಡುತ್ತಿದ್ದ. ಬೇರೆ ದಾರಿ ಇರಲಿಲ್ಲವಾದ್ದರಿಂದ ಅದನ್ನು ಸರಿಯಾಗಿ ನೋಡುತ್ತಿದ್ದ.

ನಾನು ಪಟ್ಟಿಯವರಿಗೆ ಮೊದಲು ಹೇಳುವುದು ಇಷ್ಟೇ: ಜಾಗ ಆಮೇಲೆ ಆರಿಸಿ, ಮೊದಲು ತಿಂಗಳು ಆರಿಸಿ. ಬೆಂಗಳೂರಿನವರಿಗೆ ವರ್ಷದಲ್ಲಿರುವುದು ಐವತ್ತೆರಡು ವಾರಾಂತ್ಯ. ನಮಗಿರುವುದು ಮಳೆ ನಕ್ಷತ್ರ ಮತ್ತು ಕಾಫಿ ಗಿಡ. ಆರಿದ್ರೆ ಹಿಡಿದ ಮೇಲೆ ಪುನರ್ವಸು, ಪುಷ್ಯ, ಆಶ್ಲೇಷ ಮುಗಿಯುವ ತನಕ ಘಟ್ಟದಂಚಿನ ಬೆಟ್ಟ ಕಣ್ಣಿಗೇ ಬೀಳುವುದಿಲ್ಲ. ಮೇಲೆ ಹತ್ತಿ ನಿಂತರೂ ಕಾಣುವುದು ಬೆಂಗಳೂರಿನಿಂದ ಹೊತ್ತು ತಂದ ಛತ್ರಿಯ ಒಳಮೈ, ಅದೂ ಗಾಳಿ ಬಿಟ್ಟುಕೊಟ್ಟರೆ. ಮಳೆಗಾಲದ ಚಾರಣವೇ ಚಂದ ಎನ್ನುವವರಿದ್ದಾರೆ. ಚಂದವೇ, ಇಲ್ಲವೆನ್ನುವುದಿಲ್ಲ. ಆದರೆ ನಮಗೆ ಮಳೆಯ ಇನ್ನೊಂದು ಮುಖವೂ ಗೊತ್ತು. 2019ರ ಆಗಸ್ಟಿನಲ್ಲಿ ನಮ್ಮ ತಾಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡವೇ ಜರಿದು ಮನೆ ತೋಟಗಳು ಮಣ್ಣಾದವು. ಚಾರ್ಮಾಡಿ ಘಾಟಿಯಲ್ಲಿ ಸಂಚಾರ ನಿಂತಿತು. ಅಂದಿನಿಂದ ಆಶ್ಲೇಷ ಮಳೆಯಲ್ಲಿ ಯಾರಾದರೂ ಬೆಟ್ಟದ ದಾರಿ ಕೇಳಿದರೆ ನಾನು ಊಟದ ದಾರಿ ತೋರಿಸುತ್ತೇನೆ.

ಮಳೆ ತಗ್ಗಿ ಹಸ್ತ, ಚಿತ್ತೆ ಬಂದಾಗ ಬೆಟ್ಟಗಳು ತೊಳೆದಿಟ್ಟಂತೆ ಹೊರಬರುತ್ತವೆ. ಹುಲ್ಲು ಸೊಂಟದೆತ್ತರ, ತೊರೆಗಳಲ್ಲಿ ನೀರು, ಮಧ್ಯಾಹ್ನದವರೆಗೆ ನಿಚ್ಚಳ ಆಕಾಶ. ಸ್ವಾತಿ ಮುಗಿದು ಚಳಿ ಬಿದ್ದಮೇಲೆ ಹುಲ್ಲು ಹೊಂಬಣ್ಣಕ್ಕೆ ತಿರುಗುತ್ತದೆ. ದೂರ ನೋಡಬೇಕೆನ್ನುವವರಿಗೆ ಈ ಕಾಲ. ಆದರೆ ಅದೇ ಹೊತ್ತಿಗೆ ತೋಟದಲ್ಲಿ ಅರೇಬಿಕಾ ಹಣ್ಣಾಗುತ್ತದೆ, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ. ನವೆಂಬರಿನಿಂದ ಫೆಬ್ರವರಿವರೆಗೆ ದಾರಿ ತೋರಿಸುವ ಹುಡುಗರೆಲ್ಲ ಕುಯ್ಲಿನಲ್ಲಿ, ಜೀಪುಗಳೆಲ್ಲ ಆಳು ಸಾಗಿಸುವುದರಲ್ಲಿ, ಮನೆಯವರೆಲ್ಲ ಕಣದಲ್ಲಿ. ನೆಂಟರಿಗೆ ಇದು ಅರ್ಥವಾಗುವುದಿಲ್ಲ. "ಡಿಸೆಂಬರ್ ಕೊನೆಯ ವಾರ ಎಲ್ಲರಿಗೂ ರಜ ಅಲ್ವಾ?" ಎನ್ನುತ್ತಾರೆ. ಕಾಫಿ ಹಣ್ಣಿಗೆ ರಜ ಇಲ್ಲ. ಗಿಡದಲ್ಲೇ ಬಿಟ್ಟರೆ ಒಣಗಿ ಉದುರುತ್ತದೆ.

ಫೆಬ್ರವರಿ ದಾಟಿದರೆ ಬೆಂಕಿಯ ಕಾಲ. ಒಣಗಿದ ಹುಲ್ಲುಗುಡ್ಡಕ್ಕೆ ಒಂದು ಬೀಡಿ ತುಂಡು ಸಾಕು. ಅರಣ್ಯ ಇಲಾಖೆಯವರು ಬೆಂಕಿ ರೇಖೆ ಸುಟ್ಟು, ಕಾವಲುಗಾರರನ್ನು ನಿಲ್ಲಿಸಿ, ಚಾರಣದ ದಾರಿಗಳನ್ನು ಮುಚ್ಚುತ್ತಾರೆ. ಆಗ ಬೆಟ್ಟ ಇಲ್ಲ ಎಂದು ಬೇಸರ ಮಾಡಿಕೊಳ್ಳುವವರಿಗೆ ನಾನು ಹೂಮಳೆಯ ಆಸೆ ತೋರಿಸುತ್ತೇನೆ. ಮಾರ್ಚ್ ಏಪ್ರಿಲಿನಲ್ಲಿ ಒಂದು ಒಳ್ಳೆಯ ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಬೆಳ್ಳಗೆ ಅರಳಿ ನಿಲ್ಲುತ್ತದೆ. ಎರಡು ಮೂರು ದಿನದ ವೈಭವ. ಘಮ ರಸ್ತೆಯವರೆಗೆ ಬರುತ್ತದೆ, ಜೇನಿನ ಸದ್ದು ಮನೆಯವರೆಗೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜ ತಂದು ಈ ಗಿರಿಯಲ್ಲಿ ಬಿತ್ತಿದರೆಂಬ ಪ್ರತೀತಿಗೆ ಸಾಕ್ಷಿ ಬೇಕೆನ್ನುವವರು ಆ ದಿನ ಬರಬೇಕು. ಆದರೆ ಆ ದಿನ ಯಾವುದು? ಅದನ್ನು ಬರೆದಿಡುವ ಪಂಚಾಂಗ ಇಲ್ಲ. ಇನ್ನು 2022ರ ಸೆಪ್ಟೆಂಬರಿನಲ್ಲಿ ಚಂದ್ರದ್ರೋಣದ ಇಳಿಜಾರು ನೀಲಿಯಾಗುವಂತೆ ಅರಳಿದ ನೀಲಕುರಿಂಜಿಯನ್ನು ನೋಡಲಾಗದವರು ಹನ್ನೆರಡು ವರ್ಷದ ಲೆಕ್ಕ ಹಾಕಿಕೊಂಡು 2034ಕ್ಕೆ ರಜೆ ಬರೆದಿಡಬಹುದು. ಅಷ್ಟು ಮುಂಚಿತವಾಗಿ ಯೋಜನೆ ಹಾಕುವವರು ಯಾರೂ ನನಗೆ ಇನ್ನೂ ಫೋನು ಮಾಡಿಲ್ಲ.

ತಿಂಗಳು ಆರಿಸಿದ ಮೇಲೆ ಅನುಮತಿ. ಮೊದಲೆಲ್ಲ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ, ಸಾಹೇಬರು ಇಲ್ಲದಿದ್ದರೆ ಕಾದು, ಇದ್ದರೆ ಇನ್ನೂ ಸ್ವಲ್ಪ ಕಾದು, ಚೀಟಿ ಬರೆಸಿಕೊಳ್ಳಬೇಕಿತ್ತು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಸಂತೆಗೆ ಬಂದ ಹಾಗೆ ಜನ ಸಾಲುಗಟ್ಟಿದ ವಿಡಿಯೊ ಎಲ್ಲರ ಫೋನಿನಲ್ಲೂ ಓಡಾಡಿತು. ಆಮೇಲೆ ಸರ್ಕಾರ ಚಾರಣಗಳನ್ನು ಕೆಲಕಾಲ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಜಾಲತಾಣ ಬಂತು. ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿಯೂ ಬಂತು. ಮುಳ್ಳಯ್ಯನಗಿರಿ ಕಡೆಗೆ ಹೋಗುವ ಗಾಡಿಗಳಿಗೂ ಈಗ ಮುಂಚಿತವಾಗಿ ಬುಕ್ ಮಾಡಬೇಕು. ಇದರಿಂದ ನನ್ನ ಪೌರೋಹಿತ್ಯಕ್ಕೆ ಹೊಸದೊಂದು ಪ್ರಶ್ನೆ ಸೇರಿಕೊಂಡಿದೆ. ಗುರುವಾರ ರಾತ್ರಿ ಫೋನು ಬರುತ್ತದೆ: "ಮಾವ, ಶನಿವಾರ ಯಾವುದಾದರೂ ಬೆಟ್ಟ ಖಾಲಿ ಇದೆಯಾ?" ಛತ್ರ ವಿಚಾರಿಸುವ ಧಾಟಿಯಲ್ಲಿ ಬೆಟ್ಟ ವಿಚಾರಿಸುವ ಕಾಲ ಬಂತಲ್ಲ ಎಂದು ನಗು ಬಂದರೂ, ಈ ಮಿತಿಯ ವಿಷಯದಲ್ಲಿ ನಾನು ಇಲಾಖೆಯ ಕಡೆಯವನೇ.

ಯಾಕೆಂದರೆ ನಮ್ಮ ಬೆಟ್ಟಗಳು ಕಲ್ಲಿನ ರಾಶಿಯಲ್ಲ. ಮೇಲಿನ ಇಳಿಜಾರೆಲ್ಲ ಹುಲ್ಲು. ಕಣಿವೆಯ ಮಡಿಕೆಗಳಲ್ಲಿ ಮಾತ್ರ ಒತ್ತೊತ್ತಾಗಿ ಶೋಲ ಕಾಡು. ಮಳೆಗಾಲದಲ್ಲಿ ಕುಡಿದ ನೀರನ್ನು ಹುಲ್ಲಿನ ಬೇರು ಮತ್ತು ಕಾಡಿನ ಮಣ್ಣು ಹಿಡಿದಿಟ್ಟು ಬೇಸಿಗೆಯವರೆಗೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಕುದುರೆಮುಖದ ಸಾಲಿನಲ್ಲಿ. ಇತ್ತ ಬಲ್ಲಾಳರಾಯನ ದುರ್ಗದ ಕೋಟೆಯ ಮೇಲೆ ನಿಂತರೆ ಪಡುವಣಕ್ಕೆ ಬಂಡಾಜೆ ಅರ್ಬಿ ಧುಮುಕಿ ನೇತ್ರಾವತಿಯ ಪಾಲಾಗುತ್ತದೆ. ಅಲ್ಲಿಗೆ ಹತ್ತಿರದ ಜಾವಳಿಯಲ್ಲಿ ಹುಟ್ಟಿದ ಹೇಮಾವತಿ ಮೂಡಲಿಗೆ ಹರಿದು ಕಾವೇರಿ ಸೇರುತ್ತದೆ. ಒಂದೇ ಮೋಡದ ಮಳೆ ಇತ್ತ ಬಿದ್ದರೆ ಮಂಗಳೂರಿಗೆ, ಅತ್ತ ಬಿದ್ದರೆ ತಮಿಳುನಾಡಿಗೆ. ಇಂಥ ಏಣಿನ ಮೇಲೆ ಒಂದೇ ದಿನ ಸಾವಿರ ಜೊತೆ ಬೂಟು ತುಳಿದರೆ ಹುಲ್ಲು ಸಾಯುತ್ತದೆ, ಮಣ್ಣು ತೆರೆದುಕೊಳ್ಳುತ್ತದೆ, ಮುಂದಿನ ಮಳೆಗೆ ಕಾಲುದಾರಿಯೇ ಕಾಲುವೆಯಾಗುತ್ತದೆ.

ಕುದುರೆಮುಖದ ವಿಷಯದಲ್ಲಂತೂ ಬಂದವರಿಗೆಲ್ಲ ನಾನೊಂದು ಹಳೆಯ ಯೋಜನೆಯ ಕಥೆ ಹೇಳುತ್ತೇನೆ. ಭೂವಿಜ್ಞಾನಿ ಸಂಪತ್ ಅಯ್ಯಂಗಾರರು 1913ರಲ್ಲಿ ಅಲ್ಲಿ ಕಬ್ಬಿಣದ ಅದಿರನ್ನು ಗುರುತಿಸಿದರು. 1976ರಲ್ಲಿ ಕುದುರೆಮುಖ ಕಂಪನಿ ಹುಟ್ಟಿತು; ಬೆಟ್ಟ ಅಗೆದು, ಅದಿರನ್ನು ನೀರಿನಲ್ಲಿ ಕಲಸಿ, ಕೊಳವೆಯಲ್ಲಿ ಮಂಗಳೂರಿಗೆ ಇಳಿಸಿತು. 1987ರಲ್ಲಿ ಸುತ್ತಲಿನ 600 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನವಾಯಿತು. ಒಂದೇ ಬೆಟ್ಟದ ಒಂದು ಮಗ್ಗುಲಿಗೆ ಡೈನಮೈಟು, ಇನ್ನೊಂದು ಮಗ್ಗುಲಿಗೆ ಸಿಂಗಳೀಕ. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪನವರ ಹೆಸರಿನ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2002ರಲ್ಲಿ ತೀರ್ಪು ಬಂತು, 2005ರ ಕೊನೆಯ ದಿನ ಗಣಿ ನಿಂತಿತು. 2012ರಲ್ಲಿ ಪಶ್ಚಿಮ ಘಟ್ಟ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಕುದುರೆಮುಖವೂ ಅದರಲ್ಲಿತ್ತು. ಮುನ್ನೂರರ ಮಿತಿಗೆ ಗೊಣಗುವ ಹುಡುಗರಿಗೆ ಇಷ್ಟನ್ನು ಹೇಳಿದರೆ ಸುಮ್ಮನಾಗುತ್ತಾರೆ. ಇವರು ಟಿಕೆಟ್ಟು ಕೊಂಡು ಹತ್ತುವುದಕ್ಕೆ ಬೆಟ್ಟ ಉಳಿದಿರುವುದೇ ಯಾರೋ ಬೇಡವೆಂದು ಹಟ ಹಿಡಿದು ಕೂತದ್ದರಿಂದ.

ಇನ್ನು ಸಾಮಾನು. ನೆಂಟರ ಚೀಲದಲ್ಲಿ ಏನಿರುತ್ತದೆಂದು ನೋಡುವುದು ನಮ್ಮ ಹಿರಿಯಾಳಿಗೆ ಒಂದು ಮನರಂಜನೆ. ಮಡಚುವ ಕೋಲು, ಮಡಚುವ ಲೋಟ, ಮಡಚುವ ಕುರ್ಚಿ. ಉಂಬಳಕ್ಕೆ ಮಾತ್ರ ಏನೂ ಇರುವುದಿಲ್ಲ. ಮಳೆಗಾಲದ ಕಾಡಿನಲ್ಲಿ ಉಂಬಳಗಳು ಬರುವವರ ಕಾಲಿನ ಬಿಸಿಗೇ ತಲೆಯೆತ್ತಿ ನಿಂತಿರುತ್ತವೆ. ಸುಣ್ಣಕ್ಕೆ ಹೊಗೆಸೊಪ್ಪು ಬೆರೆಸಿ ಬಟ್ಟೆಯಲ್ಲಿ ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಂಡರೆ ಮುಟ್ಟಿಸಿದ ಕೂಡಲೇ ಉದುರುತ್ತವೆ. ಅದನ್ನು ಅವನೇ ಕಟ್ಟಿಕೊಡುತ್ತಾನೆ. ಮನೆಯಾಕೆ ಅಕ್ಕಿರೊಟ್ಟಿ, ಕಾಯಿಚಟ್ನಿ, ಎರಡೆರಡು ಕಿತ್ತಳೆ ಕಟ್ಟಿಕೊಡುತ್ತಾಳೆ. ಚಿಪ್ಸಿನ ಪೊಟ್ಟಣಗಳನ್ನು ನಮ್ಮ ಮನೆಯ ಕಪಾಟಿನಲ್ಲೇ ಇಡಿಸಿಕೊಳ್ಳುತ್ತೇವೆ. ಮೇಲಿನಿಂದ ಬಂದ ಮೇಲೆ ತಿನ್ನಬಹುದು; ಬೆಟ್ಟದ ಮೇಲೆ ಕಸದ ಗಾಡಿ ಬರುವುದಿಲ್ಲ.

ಹೊರಡುವ ಹಿಂದಿನ ರಾತ್ರಿ ನಾನು ಮಾಡುವ ಮುಖ್ಯ ಕೆಲಸ ಆನೆ ಎಲ್ಲಿದೆಯೆಂದು ತಿಳಿಯುವುದು. ಮೂಡಿಗೆರೆ ಕಡೆ ಆನೆ ಈಗ ಕಾಡಿನ ಪ್ರಾಣಿಯಲ್ಲ, ತೋಟದ ನಿತ್ಯದ ಅತಿಥಿ. ಜನರನ್ನು ಕೊಂದ 'ಭೈರ'ನನ್ನು 2022ರ ಡಿಸೆಂಬರಿನಲ್ಲಿ ಹಿಡಿದು ಸಾಗಿಸಿದರು. ಅವನ ಜಾಗಕ್ಕೆ ಬೇರೆಯವರು ಬಂದಿದ್ದಾರೆ. ಇವತ್ತು ಯಾವ ಎಸ್ಟೇಟಿನಲ್ಲಿ ಎಷ್ಟು ಆನೆ ಎಂಬ ಸಂದೇಶ ವಾಟ್ಸಾಪಿನಲ್ಲಿ ಬರುತ್ತದೆ. ಅದಕ್ಕಿಂತ ಮುಂಚೆ ಲೈನ್ ಮನೆಗಳಲ್ಲಿ ಗೊತ್ತಾಗಿರುತ್ತದೆ. ಹಿರಿಯಾಳು "ಆ ಕಡೆ ಬೇಡ ಗೌಡ್ರೆ, ನಾಯಿಗಳು ಸರಿಯಾಗಿ ಬೊಗಳ್ತಿಲ್ಲ" ಎಂದರೆ ನಾನು ದಾರಿ ಬದಲಿಸುತ್ತೇನೆ, ಕಾರಣ ಕೇಳುವುದಿಲ್ಲ. ಬೆಂಗಳೂರಿನವರು ಕೇಳುತ್ತಾರೆ. ಕೇಳಿಕೊಂಡು, ನಕ್ಕು, ಬದಲಿಸಿದ ದಾರಿಯಲ್ಲೇ ಹೋಗುತ್ತಾರೆ.

ಜೊತೆಗೆ ಆ ಊರಿನ ಒಬ್ಬರು ಇರಲೇಬೇಕೆಂಬುದು ನನ್ನ ಕಟ್ಟುನಿಟ್ಟು. ಫೋನಿನ ನಕ್ಷೆ ಸಾಕಲ್ಲ ಎನ್ನುವವರಿಗೆ ಹುಲ್ಲುಗಾವಲಿನ ಗುಟ್ಟು ಹೇಳುತ್ತೇನೆ: ಅಲ್ಲಿ ಮನುಷ್ಯ ತುಳಿದ ದಾರಿಯೂ ಕಾಟಿ ತುಳಿದ ದಾರಿಯೂ ಒಂದೇ ಥರ ಕಾಣುತ್ತವೆ. ಮನುಷ್ಯರ ದಾರಿ ಊರಿಗೆ ಹೋಗುತ್ತದೆ. ಕಾಟಿಯ ದಾರಿ ನೀರಿಗೋ ಪ್ರಪಾತದ ಅಂಚಿಗೋ ಹೋಗುತ್ತದೆ. ಮಧ್ಯಾಹ್ನ ಮೂರರ ಮೇಲೆ ಕೆಳಗಿನ ಕಣಿವೆಯಿಂದ ಮಂಜು ಎದ್ದು ಏಣನ್ನು ಮುಚ್ಚಿದರೆ ಮುಂದಿದ್ದವನ ಬೆನ್ನು ಕಾಣುವುದಿಲ್ಲ, ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ರಾಣಿಝರಿ, ದುರ್ಗದ ಕಡೆ ಬೆಳೆದ ಹುಡುಗನಿಗೆ ಆಗಲೂ ಕಾಲಡಿಯ ಕಲ್ಲು ಗುರುತು ಹೇಳುತ್ತದೆ. ಅವನಿಗೆ ಕೊಡುವ ಕೂಲಿಯಲ್ಲಿ ಚೌಕಾಸಿ ಮಾಡುವವರಿಗೆ ನಾನು ಎರಡನೆಯ ಸಲ ಪ್ಲಾನು ಮಾಡಿಕೊಡುವುದಿಲ್ಲ.

ತಂಡ ಹೇಗಿರಬೇಕೆಂದು ಕೇಳುವವರಿಗೆ ನಾನು ತೇಜಸ್ವಿಯವರ 'ಕರ್ವಾಲೋ' ಓದಿಸುತ್ತೇನೆ. 1980ರಲ್ಲಿ ಬಂದ ಆ ಕಾದಂಬರಿಯಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಟ ತಂಡಕ್ಕಿಂತ ಒಳ್ಳೆಯ ಚಾರಣ ತಂಡ ಕನ್ನಡದಲ್ಲಿ ಇನ್ನೊಂದಿಲ್ಲ. ಒಬ್ಬ ವಿಜ್ಞಾನಿ, ಕಾಡು ಬಲ್ಲ ಮಂದಣ್ಣ, ಕ್ಯಾಮೆರಾದ ಪ್ರಭಾಕರ, ಅಡುಗೆಗೆ ಬಿರಿಯಾನಿ ಕರಿಯಪ್ಪ, ಮೇಲೆ ಕಿವಿ ಎಂಬ ನಾಯಿ. ಎಲ್ಲರಿಗೂ ಒಂದೊಂದು ಕೆಲಸ, ಯಾರಿಗೂ ಅವಸರವಿಲ್ಲ. ಅಷ್ಟೆಲ್ಲ ತಯಾರಿ ಮಾಡಿಕೊಂಡು ಹೋದವರ ಕೈಗೂ ಓತಿ ಸಿಗಲಿಲ್ಲ, ಕಣ್ಣೆದುರೇ ತೇಲಿಹೋಯಿತು. ಆದರೆ ಅವರು ಸೋತು ಬಂದರೆಂದು ಓದಿದ ಯಾರೂ ಹೇಳುವುದಿಲ್ಲ. ಕೊಟ್ಟಿಗೆಹಾರದಲ್ಲಿ ತೇಜಸ್ವಿ ಪ್ರತಿಷ್ಠಾನದ ಕೇಂದ್ರವಿದೆ. ಮಳೆ ಬಂದು ಬೆಟ್ಟ ತಪ್ಪಿದವರನ್ನು ನಾನು ಅಲ್ಲಿಗೆ ಕಳಿಸುತ್ತೇನೆ, ಪಕ್ಕದಲ್ಲೇ ನೀರುದೋಸೆಯೂ ಇದೆ.

ತಂಗಿಯ ಮಗನ ಪಟ್ಟಿಯನ್ನು ಹೊಡೆದು ಹೊಡೆದು ಕೊನೆಗೆ ನಾನು ಉಳಿಸಿಕೊಡುವುದು ಒಂದೇ ಹೆಸರು. ಮಕ್ಕಳು, ಮೊಣಕಾಲು ನೋವಿನವರು ಇದ್ದರೆ ಬೈರಾಪುರದ ಎತ್ತಿನ ಭುಜ. ಇಡೀ ದಿನ ನಡೆಯಬಲ್ಲವರಾದರೆ ಬಲ್ಲಾಳರಾಯನ ದುರ್ಗ. ಅದರಲ್ಲೂ ಗಟ್ಟಿ ಕಾಲಿನವರಾದರೆ ಕುದುರೆಮುಖ. ಮೊದಮೊದಲು ಮುಖ ಸಪ್ಪೆ ಮಾಡುತ್ತಿದ್ದ ಹುಡುಗ ಈಚೆಗೆ ತಾನೇ ಒಂದು ಹೆಸರು ಬರೆದು ಕಳಿಸುತ್ತಾನೆ. ಬೆಟ್ಟ ಬಲ್ಲವನಾದ ಎಂದೇನಲ್ಲ, ಎಣಿಸುವ ಚಟ ಬಿಟ್ಟ ಎಂದಷ್ಟೇ ನನಗೆ ಸಂತೋಷ.

ಆದ್ದರಿಂದ, ಓದುಗರೇ, ನೀವೂ ನಮ್ಮ ಕಡೆ ಬರುವುದಾದರೆ ಒಂದು ದಿನಕ್ಕೆ ಒಂದೇ ಬೆಟ್ಟ ಇಟ್ಟುಕೊಳ್ಳಿ. ಸಾಧ್ಯವಾದರೆ ವಾರದ ನಡುವೆ ಬನ್ನಿ. ಅನುಮತಿ ಸಿಗದಿದ್ದರೆ ಕಳ್ಳದಾರಿ ಹುಡುಕಬೇಡಿ. ಊರಿನವರನ್ನು ಜೊತೆಗೆ ಕರೆದುಕೊಳ್ಳಿ, ನಾಲ್ಕು ಗಂಟೆಯೊಳಗೆ ಕೆಳಗಿಳಿಯಿರಿ, ಒಯ್ದ ಪೊಟ್ಟಣವನ್ನು ವಾಪಸು ತನ್ನಿ. ನಮ್ಮ ಮನೆಗೂ ಬನ್ನಿ, ಕಾಫಿಗೆ ಕೊರತೆಯಿಲ್ಲ. ಡಿಸೆಂಬರಿನಲ್ಲಿ ಬಂದವರಿಗೆ ಮಾತ್ರ ಕಾಫಿಯ ಮೊದಲು ಒಂದು ಬುಟ್ಟಿ ಕೊಡುತ್ತೇವೆ. ಹಣ್ಣು ಕುಯ್ಯುವುದಕ್ಕೆ ಆಳು ಸಿಗುತ್ತಿಲ್ಲ.